ಡ್ರೈವರ್ ಪ್ಯಾಚ್ ರಿವ್ಯೂ: ಡಿಫ್ ಸಾಕಾ, ಪೂರ್ತಿ ಫಂಕ್ಷನ್ ಓದಬೇಕಾ, ಓಡಿಸಿ ನೋಡಬೇಕಾ?

ಸೋಮವಾರಪೇಟೆ ಹತ್ತಿರದ ಮನೆಯಲ್ಲಿ ಕೂತು ಲಿನಕ್ಸ್‌ನ ಎನ್‌ವಿಎಂಇ ಡ್ರೈವರ್‌ಗೆ (ವೇಗದ ಎಸ್‌ಎಸ್‌ಡಿಗಳನ್ನು ನಡೆಸುವ ಕೋಡ್) ಬರುವ ಪ್ಯಾಚ್‌ಗಳನ್ನು, ಅಂದರೆ ಕೋಡ್ ಬದಲಾವಣೆಗಳನ್ನು, ರಿವ್ಯೂ ಮಾಡುತ್ತೇನೆ. ಈ ಮಳೆಗಾಲದಲ್ಲಿ ಮೂರು ದಾರಿಗಳನ್ನೂ ಹೋಲಿಸಿ ನೋಡಿದೆ.

ಬರೀ ಡಿಫ್, ಅಂದರೆ ಬದಲಾದ ಸಾಲುಗಳನ್ನಷ್ಟೇ ಓದಿದರೆ ಕೆಲಸ ಬೇಗ ಮುಗಿಯುತ್ತದೆ. ತಪ್ಪು ಹೆಸರು, ಹಳೆಯ ಕಾಮೆಂಟ್ ತಕ್ಷಣ ಕಣ್ಣಿಗೆ ಬೀಳುತ್ತವೆ. ಆದರೆ ಡಿಫ್ ಸಾಮಾನ್ಯವಾಗಿ ಬದಲಾವಣೆಯ ಮೇಲೆ ಕೆಳಗೆ ಮೂರು ಮೂರು ಸಾಲು ಮಾತ್ರ ತೋರಿಸುತ್ತದೆ. ಡ್ರೈವರ್‌ಗೆ ಅಷ್ಟು ಸಾಲದು.

ಒಂದು ಪ್ಯಾಚ್‌ನಲ್ಲಿ ಹೊಸ ಚೆಕ್ ಸೇರಿತ್ತು. ಉದ್ದ ತಪ್ಪಿದ್ದರೆ ಅಲ್ಲಿಂದಲೇ ರಿಟರ್ನ್. ನೋಡಲು ಅಚ್ಚುಕಟ್ಟು, ಇನ್ನೇನು ಒಪ್ಪಿಗೆ ಬರೆಯುವುದರಲ್ಲಿದ್ದೆ. ಯಾಕೋ ಪ್ಯಾಚ್ ಹಾಕಿಕೊಂಡು, ಕೋಡ್ ಬದಲಾವಣೆ ನೋಡಿಕೊಳ್ಳುವ ಗಿಟ್‌ಗೆ ದೊಡ್ಡ ಡಬ್ಲ್ಯೂ (-W) ಆಪ್ಶನ್ ಕೊಟ್ಟು ಇಡೀ ಫಂಕ್ಷನ್ ತೆರೆದೆ. ಇಪ್ಪತ್ತು ಸಾಲು ಮೇಲೆ ಬಫರ್ ಡಿಎಂಎಗೆ (ಡಿಸ್ಕ್ ನೇರವಾಗಿ ಮೆಮೊರಿ ಮುಟ್ಟುವ ವ್ಯವಸ್ಥೆ) ಮ್ಯಾಪ್ ಆಗಿತ್ತು. ಆ ಮ್ಯಾಪಿಂಗ್ ಬಿಡಿಸುವ ಲೇಬಲ್ (ಗೋಟು ಹಾರಿ ಸೇರುವ ಜಾಗ) ಫಂಕ್ಷನ್‌ನ ಕೊನೆಯಲ್ಲಿತ್ತು. ಹೊಸ ರಿಟರ್ನ್ ಅದನ್ನು ಮುಟ್ಟದೆ ಹೊರಗೆ ಹೋಗುತ್ತಿತ್ತು. ಚೆಕ್ ಸೋತಾಗಲೆಲ್ಲ ಒಂದು ಮ್ಯಾಪಿಂಗ್ ಸೋರಿಕೆ! ‘ಇಲ್ಲಿ ರಿಟರ್ನ್ ಬದಲು ಗೋಟು ಬೇಕು ಅಲ್ವಾ?’ ಅಂತ ಬರೆದೆ.

ಅದೇ ಪ್ಯಾಚ್ ಅನ್ನು ಕ್ಯೂಇಎಂಯು ಎಂಬ ವರ್ಚುವಲ್ ಯಂತ್ರದ ಎನ್‌ವಿಎಂಇ ಡಿಸ್ಕ್ ಮೇಲೂ ಓಡಿಸಿದೆ. ಡಿಸ್ಕ್ ಪರೀಕ್ಷಿಸುವ ಎಫ್‌ಐಒ ಒಂದು ಗಂಟೆ ಸುಮ್ನೆ ಓಡಿತು, ಆ ತಪ್ಪಿನ ದಾರಿಗೆ ಕಾಲಿಡಲೇ ಇಲ್ಲ. ಚೆಕ್ ಬೇಕಂತಲೇ ಸೋಲುವಂತೆ ಒಂದು ಸಾಲು ಸೇರಿಸಿ, ಡಿಎಂಎ ಡೀಬಗ್ ಆನ್ ಮಾಡಿ, ಡ್ರೈವರ್ ತೆಗೆದಾಗಲೇ ಕರ್ನಲ್ ಲಾಗ್‌ನಲ್ಲಿ ಎಚ್ಚರಿಕೆ ಬಂತು. ಎಲ್ಲಿ ಸೋಲಿಸಬೇಕು ಅಂತ ಗೊತ್ತಾಗಿದ್ದೇ ಮೊದಲು ಓದಿದ್ದರಿಂದ. ಮೇಲಾಗಿ ಕರ್ನಲ್ ಕಂಪೈಲ್ ಮಾಡಲು ಕರೆಂಟ್ ಬೇಕು. ಜುಲೈನಲ್ಲಿ ಇಲ್ಲಿ ಮರ ಬಿದ್ದು ಲೈನ್ ಹೋದರೆ ಲ್ಯಾಪ್‌ಟಾಪ್ ಬ್ಯಾಟರಿಯೇ ಗತಿ. ಓದುವುದಕ್ಕೆ ಅದು ಧಾರಾಳ ಸಾಕು, ನೆಟ್ ಕೂಡ ಬೇಡ.

ಕರೆಂಟ್ ಮಾತು ಬಂತು, ಫ್ಲಶ್ ವಿಷಯವನ್ನೂ ಹೇಳಬೇಕು. ಡ್ರೈವ್‌ನ ಕ್ಯಾಶ್‌ನಲ್ಲಿ (ತಾತ್ಕಾಲಿಕ ಮೆಮೊರಿ) ಇರುವುದನ್ನು ಫ್ಲಶ್ ಮಾಡುವ, ಅಂದರೆ ಶಾಶ್ವತವಾಗಿ ಬರೆಯುವ ಮುಂಚೆ ಕರೆಂಟ್ ಹೋದರೆ ಡೇಟಾ ಹೋಗಬಹುದು. ಇದನ್ನು ಪರೀಕ್ಷಿಸಲು ಕ್ಯೂಇಎಂಯು ಪ್ರೊಸೆಸ್ಸನ್ನೇ ಕಿಲ್ ಮಾಡಿದೆ. ಬರೆದದ್ದೆಲ್ಲ ಹಾಗೇ ಇತ್ತು. ಡೇಟಾ ಹೋಸ್ಟ್‌ನ (ಕ್ಯೂಇಎಂಯು ಓಡುತ್ತಿದ್ದ ಯಂತ್ರದ) ಪೇಜ್ ಕ್ಯಾಶ್‌ನಲ್ಲಿ ಕೂತಿತ್ತು, ಅಷ್ಟೇ. ಆ ಪರೀಕ್ಷೆಯನ್ನು ನಂಬಬೇಡಿ. ಫ್ಲಶ್ ಮುಟ್ಟುವ ಪ್ಯಾಚ್ ಬಂದರೆ, ಹಳೆಯ ಎಸ್‌ಎಸ್‌ಡಿ ಇರುವ ಡೆಸ್ಕ್‌ಟಾಪ್‌ನ ಪ್ಲಗ್ಗನ್ನೇ ಕೀಳುತ್ತೇನೆ.

ನನ್ನ ಆಯ್ಕೆ ಪೂರ್ತಿ ಫಂಕ್ಷನ್ ಓದುವುದು. ಓಡಿಸುವುದು ಅದರ ನಂತರ. ಆ ಪ್ಯಾಚ್‌ನ ಎರಡನೇ ಆವೃತ್ತಿ ಬಂದಾಗ ಎರಡು ಆವೃತ್ತಿಗಳನ್ನು ಹೋಲಿಸುವ ರೇಂಜ್-ಡಿಫ್‌ನಲ್ಲಿ ಒಂದೇ ಸಾಲು ಬದಲಾಗಿತ್ತು. ಆದರೂ ಫಂಕ್ಷನ್ ಅನ್ನು ಮೊದಲ ಸಾಲಿನಿಂದ ಓದಿಯೇ ರಿವ್ಯೂಡ್-ಬೈ, ಅಂದರೆ ಒಪ್ಪಿಗೆಯ ಸಾಲು ಹಾಕಿದೆ.