ಎದೆಗೆ ಕಟ್ಟುವ ಹಾರ್ಟ್ ರೇಟ್ ಪಟ್ಟಿ: ವಿಜಯಪುರದ ಎರಡು ಬೇಸಿಗೆ ದಾಟಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಸೈಕಲ್ ತುಳಿಯುವವರಿಗೆ, ಓಡುವವರಿಗೆ ಈ ಪಟ್ಟಿ ಕೊಟ್ಟ ದುಡ್ಡಿಗೆ ಮೋಸ ಇಲ್ಲ. ಆದರೆ ಅದರ ಜೊತೆ ಬರುವ ಆ್ಯಪ್ ಹೇಳುವುದರಲ್ಲಿ ಮುಕ್ಕಾಲು ಪಾಲು ಕಿವಿಗೆ ಹಾಕಿಕೊಳ್ಳಬೇಕಾಗಿಲ್ಲ. ಎದೆ ಬಡಿತ ಒಂದನ್ನು ನಂಬಿ, ಉಳಿದದ್ದನ್ನು ಬಿಡಿ. ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಒಂದು ಅಂಕ ಯಾಕೆ ಕಡಿಮೆ ಅನ್ನೋದು ಮುಂದೆ ಬರುತ್ತದೆ.

ಕಂಪನಿ ಹೆಸರು ಬರೆಯುವುದಿಲ್ಲ. ನಾಲ್ಕೈದು ಸಾವಿರದ ಆಸುಪಾಸಿನ ಈ ಪಟ್ಟಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಅಗಲವಾದ ಎಲಾಸ್ಟಿಕ್ ಬೆಲ್ಟು, ಒಳಬದಿಗೆ ರಬ್ಬರಿನಂಥ ಎರಡು ಕಪ್ಪು ತುಂಡು, ಮುಂದೆ ಎರಡು ಟಿಚ್ ಬಟನ್, ಅದಕ್ಕೆ ಸಿಕ್ಕಿಸುವ ಪುಟ್ಟ ಡಬ್ಬಿ. ಡಬ್ಬಿಯೊಳಗೆ ಸಿಆರ್ 2032 ಸೆಲ್. ಬ್ಲೂಟೂತ್ ಮೂಲಕ ಮೊಬೈಲಿಗೋ ಸೈಕಲ್ ಮೀಟರಿಗೋ ಬಡಿತ ಕಳಿಸುತ್ತದೆ. ಅಷ್ಟೇ ಯಂತ್ರ.

ಬಳಸುವವನ ಜಾತಕವೂ ಗೊತ್ತಿರಲಿ. ವಯಸ್ಸು 45. ಗಾಂಧಿ ಚೌಕದ ಹತ್ತಿರ ಅಂಗಡಿ, ಅಂದರೆ ದಿನವಿಡೀ ಕುರ್ಚಿ. ಅದಕ್ಕೇ ಮುಂಜಾನೆ ಸೈಕಲ್. ವಾರದ ದಿನ ತೊರವಿ ಕಡೆಗೋ ಭೂತನಾಳ ಕೆರೆ ಕಡೆಗೋ, ರವಿವಾರ ಗುಂಪು ಕೂಡಿದರೆ ಕೊಲ್ಹಾರ ಸೇತುವೆವರೆಗೆ. ವಿಜಯಪುರ, ಬಾಗಲಕೋಟೆ ಸೈಕ್ಲಿಂಗ್‌ಗೆ ಹೆಸರಾದ ಜಿಲ್ಲೆಗಳು. ನಮ್ಮನ್ನು ಬದಿಗೆ ಹಾಕಿ ಸೊಂಯ್ ಅಂತ ಹೋಗುವ ಹೈಸ್ಕೂಲ್ ಹುಡುಗ ಹುಡುಗಿಯರಿಗೆ ಇಲ್ಲಿ ಬರ ಇಲ್ಲ. ಅವರ ಜೊತೆ ಪೈಪೋಟಿ ನನ್ನ ಉದ್ದೇಶವೂ ಅಲ್ಲ.

ಪಟ್ಟಿಗಿಂತ ಮೊದಲು ಸ್ಮಾರ್ಟ್ ವಾಚ್ ಇತ್ತು, ಈಗಲೂ ಇದೆ. ಅದರ ಬೆನ್ನಿಗೆ ಹಸಿರು ಬೆಳಕು ಮಿನುಗುತ್ತದಲ್ಲ, ಚರ್ಮದ ಕೆಳಗಿನ ರಕ್ತ ಆ ಬೆಳಕನ್ನು ಹೀರಿಕೊಳ್ಳುತ್ತದೆ. ಬಡಿತಕ್ಕೊಮ್ಮೆ ರಕ್ತ ನುಗ್ಗಿದಾಗ ಜಾಸ್ತಿ ಹೀರುತ್ತದೆ, ನಡುವೆ ಕಡಿಮೆ. ವಾಪಸ್ ಬಂದ ಬೆಳಕಿನ ಏರಿಳಿತ ನೋಡಿ ವಾಚು ಬಡಿತ ಎಣಿಸುತ್ತದೆ. ಸುಮ್ನೆ ಕೂತಾಗ ಚೆನ್ನಾಗಿಯೇ ಎಣಿಸುತ್ತದೆ. ಹ್ಯಾಂಡಲ್ ಹಿಡಿದು ಮಣಿಕಟ್ಟು ಬಾಗಿಸಿಕೊಂಡು, ತಗ್ಗುದಿಣ್ಣೆಯ ರಸ್ತೆಯಲ್ಲಿ ಕುಲುಕಾಡುತ್ತ ಹೋಗುವಾಗ ತಾಳ ತಪ್ಪುತ್ತದೆ. ಏದುಸಿರು ಬಿಡುತ್ತಿರುವಾಗ 96 ತೋರಿಸುತ್ತದೆ, ಚಹಾ ಕುಡಿಯಲು ನಿಂತಾಗ 150 ತೋರಿಸುತ್ತದೆ. ಹೆಜ್ಜೆ ಎಣಿಕೆಯ ಕಥೆ ಇನ್ನೂ ಚಂದ. ಒಮ್ಮೆ ಅವ್ವನ ಕೈಗೆ ಕಟ್ಟಿದ್ದೆ. ಒಲೆ ಮುಂದೆ ಕೂತು ರೊಟ್ಟಿ ಬಡಿದರು. ಕೈ ಕೊಣಮಿಗೆಗೆ ಬಿದ್ದಷ್ಟೂ ವಾಚಿನಲ್ಲಿ ಹೆಜ್ಜೆ ಏರುತ್ತಲೇ ಹೋಯಿತು. ಮನೆಮಂದಿಗೆಲ್ಲ ರೊಟ್ಟಿ ಆಗುವ ಹೊತ್ತಿಗೆ ಅವ್ವ ಕೂತಲ್ಲಿಂದ ಏಳದೆ ನನಗಿಂತ ಮುಂದೆ ನಡೆದಿದ್ದರು.

ಎದೆಪಟ್ಟಿಯ ದಾರಿ ಬೇರೆ. ಹೃದಯ ಪ್ರತಿ ಸಲ ಕುಗ್ಗುವಾಗ ಏಳುವ ಸಣ್ಣ ವಿದ್ಯುತ್ತನ್ನೇ ಅದು ಚರ್ಮದ ಮೇಲಿಂದ ಹಿಡಿಯುತ್ತದೆ. ಆಸ್ಪತ್ರೆಯ ಇಸಿಜಿಯದ್ದೂ ಇದೇ ಉಪಾಯ. 2017ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 50 ಜನರನ್ನು ಟ್ರೆಡ್‌ಮಿಲ್ ಹತ್ತಿಸಿ, ಇಸಿಜಿ, ಎದೆಪಟ್ಟಿ, ಕೈಗೆ ಕಟ್ಟುವ ಯಂತ್ರ ಎಲ್ಲವನ್ನೂ ಹೋಲಿಸಿ ನೋಡಿದ್ದರು. ಪೂರ್ತಿ ತಾಳೆಯಾದರೆ 1 ಅಂತ ಲೆಕ್ಕ. ಎದೆಪಟ್ಟಿಗೆ 0.99 ಬಂತು. ಕೈಗೆ ಕಟ್ಟುವ ನಾಲ್ಕು ಯಂತ್ರಗಳಿಗೆ 0.83ರಿಂದ 0.91. ಆಮೇಲೆ ವಾಚುಗಳು ಸುಧಾರಿಸಿವೆ, ಒಪ್ಪುತ್ತೇನೆ. ಆದರೆ ನಮ್ಮ ರಸ್ತೆಗಳು ಟ್ರೆಡ್‌ಮಿಲ್ ಅಲ್ಲವಲ್ಲ.

ಇದು ಹೊಸ ಯಂತ್ರವೂ ಅಲ್ಲ. ಫಿನ್ಲೆಂಡಿನ ಪೋಲಾರ್ ಕಂಪನಿ 1982ರಲ್ಲೇ ವೈರ್ ಇಲ್ಲದ ಬಡಿತ ಮಾಪಕ ಹೊರಗೆ ತಂದಿತ್ತು. ಅಲ್ಲಿನ ಸ್ಕೀ ಆಟಗಾರರ ತರಬೇತಿಗೆ ಬೇಕು ಅಂತ ಹೊಳೆದ ಯೋಚನೆ ಅದು. ಹಿಮದ ನಾಡಿನಲ್ಲಿ ಹುಟ್ಟಿದ ವಸ್ತು 40 ಡಿಗ್ರಿ ದಾಟುವ ನಮ್ಮ ಬೇಸಿಗೆಯನ್ನು ತಡೆಯುತ್ತದೆಯೇ? ಡಬ್ಬಿ ತಡೆಯುತ್ತದೆ. ಬೆಲ್ಟು ತಡೆಯುವುದಿಲ್ಲ.

ಅಂಕ ಕಳೆದದ್ದು ಇಲ್ಲೇ. ಮೊದಲ ಬೇಸಿಗೆ ಮುಗಿಯುವಷ್ಟರಲ್ಲಿ ಎಲಾಸ್ಟಿಕ್ ಜೋಲು ಬಿತ್ತು. ಓಡಿದರೆ ಹೊಟ್ಟೆಗೆ ಇಳಿಯುತ್ತದೆ. ಟಿಚ್ ಬಟನ್ ಸುತ್ತ ಬೆವರಿನ ಉಪ್ಪು ಕೂತು ಹಸಿರುಗಟ್ಟಿತು, ಬಡಿತ ನಡುನಡುವೆ ಮಾಯವಾಗತೊಡಗಿತು. ಕಂಪನಿಗೆ ಬರೆದರೆ, ಡಬ್ಬಿಗೆ ಮಾತ್ರ ಗ್ಯಾರಂಟಿ, ಬೆಲ್ಟು ಸವೆಯುವ ಸಾಮಾನು ಅಂತ ಉತ್ತರ ಬಂತು. ಬೆಲ್ಟೊಂದನ್ನೇ ಬೇರೆ ಕೊಳ್ಳಬಹುದು, ಅಷ್ಟು ಸಮಾಧಾನ. ಬೇರೆ ಕಂಪನಿಯ ಅಗ್ಗದ ಬೆಲ್ಟು ತಂದೆ, ನನ್ನ ಡಬ್ಬಿಗೆ ಸರಿಯಾಗಿ ಕೂತಿತು. ನೀವು ತರುವ ಮುಂಚೆ ಎರಡು ಬಟನ್ ನಡುವಿನ ಅಂತರ ಸ್ಕೇಲ್ ಹಿಡಿದು ಅಳೆದುಕೊಳ್ಳಿ.

ತೊಳೆಯುವುದರಲ್ಲೂ ಒಂದು ಮಾತಿದೆ. ನಮ್ಮ ಕಡೆ ಬಹಳ ಕಡೆ ಬೋರಿನ ನೀರು ಸವಳು. ಅದರಲ್ಲಿ ಅದ್ದಿ ತೆಗೆದರೆ ಬೆವರಿನ ಉಪ್ಪು ಹೋಗಿ ನೀರಿನ ಉಪ್ಪು ಬರುತ್ತದೆ. ಕುಡಿಯುವ ನೀರು ಒಂದು ಲೋಟ ಸಾಕು. ಡಬ್ಬಿ ಬಿಚ್ಚಿಟ್ಟು, ಬೆಲ್ಟಿನ ಒಳಬದಿಯನ್ನು ಬೆರಳಲ್ಲಿ ತಿಕ್ಕಿ, ನೆರಳಲ್ಲಿ ಒಣಗಿಸಿ. ಡಬ್ಬಿಯನ್ನು ಬೆಲ್ಟಿಗೆ ಸಿಕ್ಕಿಸಿಯೇ ಇಟ್ಟರೆ ಒದ್ದೆ ಬೆಲ್ಟನ್ನು ಅದು ಮೈ ಅಂದುಕೊಂಡು ಎಚ್ಚರವಾಗಿಯೇ ಇರುತ್ತದೆ, ಸೆಲ್ ಬೇಗ ಖಾಲಿಯಾಗುತ್ತದೆ. ಇನ್ನು ಎದೆ ಕೆಳಗೆ ಬೆವರುಸಾಲೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಲ್ಟು ಕೂತ ಜಾಗವೆಲ್ಲ ಕೆಂಪಗೆ ಗೆರೆ ಎಳೆದಂತೆ ಏಳುತ್ತದೆ. ಮನೆಗೆ ಬಂದ ಕೂಡಲೇ ಬಿಚ್ಚಿ ಮೈ ತೊಳೆಯುವುದೊಂದೇ ಉಪಾಯ.

ಚಳಿಗಾಲದ ತೊಂದರೆ ಉಲ್ಟಾ. ಡಿಸೆಂಬರಿನ ಒಣ ಹವೆಗೆ ಬೇಗ ಬೆವರುವುದಿಲ್ಲ, ಪಟ್ಟಿಗೆ ಮಾತ್ರ ಒದ್ದೆ ಚರ್ಮವೇ ಬೇಕು. ಮನೆ ಗೇಟು ದಾಟುತ್ತಿದ್ದಂತೆ 205, 210 ಅಂತ ತೋರಿಸುತ್ತದೆ. ಹೊಸಬರು ಹೆದರುತ್ತಾರೆ. ಒಣ ಪಟ್ಟಿಯ ಜೊತೆ ನೈಲಾನ್ ಜರ್ಸಿ ಗಾಳಿಗೆ ಪಟಪಟ ಬಡಿದು ಹುಟ್ಟುವ ಸ್ಥಿರ ವಿದ್ಯುತ್ತಿನ ಆಟ ಅದು. ಕಪ್ಪು ತುಂಡುಗಳಿಗೆ ನೀರು ಸವರಿ ಕಟ್ಟಿದರೆ ಸರಿಹೋಗುತ್ತದೆ. ಇಸಿಜಿ ತೆಗೆಯುವಾಗ ಹಚ್ಚುವ ಜೆಲ್ ಮೆಡಿಕಲ್ ಅಂಗಡಿಯಲ್ಲಿ ಸಿಗುತ್ತದೆ, ಅದು ಇನ್ನೂ ಒಳ್ಳೆಯದು.

ಇಷ್ಟೆಲ್ಲ ಕಿರಿಕಿರಿ ಇದ್ದರೂ ಯಾಕೆ ಬಿಟ್ಟಿಲ್ಲ? ಬೇಸಿಗೆಯ ಕಾರಣಕ್ಕೇ. ತೊರವಿ ರಸ್ತೆಯಲ್ಲಿ ಜನವರಿಯಲ್ಲಿ ಹಗುರಾಗಿ ತುಳಿದರೆ ಬಡಿತ 130ರ ಆಸುಪಾಸು ನಿಲ್ಲುತ್ತದೆ. ಅದೇ ರಸ್ತೆ, ಅದೇ ಗೇರು, ಅದೇ ವೇಗ, ಏಪ್ರಿಲ್ ಬಂತೆಂದರೆ ಅರ್ಧ ತಾಸಿನ ಮೇಲೆ 145, ಆಮೇಲೆ 150 ದಾಟುತ್ತದೆ. ಕಾಲಿಗೆ ಏನೂ ಗೊತ್ತಾಗುವುದಿಲ್ಲ. ಆದದ್ದಿಷ್ಟು: ಬೆವರಿನ ಜೊತೆ ರಕ್ತದ ನೀರೂ ಇಳಿಯುತ್ತದೆ, ಮೈ ತಂಪು ಮಾಡಲು ಚರ್ಮದ ಕಡೆಗೂ ರಕ್ತ ಹರಿಯಬೇಕು. ಹಾಗಾಗಿ ಒಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾಗುತ್ತದೆ, ಅದನ್ನು ತುಂಬಿಸಲು ಬಡಿತ ಏರುತ್ತದೆ. 1992ರಲ್ಲಿ ಮೊಂಟೇನ್ ಮತ್ತು ಕಾಯ್ಲ್ ಎಂಬ ಸಂಶೋಧಕರು ಎಂಟು ಸೈಕ್ಲಿಸ್ಟ್‌ಗಳನ್ನು 33 ಡಿಗ್ರಿ ಸೆಕೆಯಲ್ಲಿ ಎರಡು ತಾಸು ತುಳಿಸಿ ಇದನ್ನೇ ಅಳೆದರು. ಒಂದು ದಿನ ನೀರೇ ಇಲ್ಲ, ಉಳಿದ ದಿನ ಸ್ವಲ್ಪ, ಸುಮಾರು, ಜಾಸ್ತಿ. ಮೈಯಿಂದ ಎಷ್ಟು ನೀರು ಕಳೆಯಿತೋ ಅದಕ್ಕೆ ತಕ್ಕ ಹಾಗೆ ಬಡಿತವೂ ಮೈಬಿಸಿಯೂ ಏರಿತ್ತು. 33 ಡಿಗ್ರಿ ಅಂದರೆ ನಮ್ಮಲ್ಲಿ ಏಪ್ರಿಲ್‌ನ ಮುಂಜಾನೆ, ಅಂಗಡಿ ಬಾಗಿಲು ತೆಗೆಯುವ ಹೊತ್ತು!

ಈಗ ಬೇಸಿಗೆಯಲ್ಲಿ ವೇಗ ನೋಡುವುದೇ ಇಲ್ಲ. ಬಡಿತ ಏರಿದರೆ ಗೇರು ಇಳಿಸುತ್ತೇನೆ, ಒಂದು ಬಾಟಲಿ ನೀರು, ಇನ್ನೊಂದರಲ್ಲಿ ಉಪ್ಪು ಹಾಕಿದ ತೆಳು ಮಜ್ಜಿಗೆ. ಒಂದೆರಡು ವಾರ ಹೀಗೇ ಬಿಸಿಲಿಗೆ ಒಗ್ಗಿದರೆ ಬಡಿತ ತಾನಾಗಿ ಸ್ವಲ್ಪ ಇಳಿಯುವುದೂ ಪರದೆಯಲ್ಲಿ ಕಾಣುತ್ತದೆ. ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ. ದೇಹ ಬಿಸಿಲಿಗೆ ಒಗ್ಗುತ್ತದೆ ಅಂತ ಹಿರಿಯರು ಹೇಳುತ್ತಿದ್ದುದನ್ನು ನಂಬರಿನಲ್ಲಿ ನೋಡುವುದು ನನಗೆ ಈ ಪಟ್ಟಿ ಕೊಟ್ಟ ದೊಡ್ಡ ಖುಷಿ. ಮಳೆಗಾಲದ್ದು ಬೇರೆ ಲೆಕ್ಕ. ನಮ್ಮೂರ ಸುತ್ತ ದೊಡ್ಡ ಏರಿಲ್ಲ, ಜೂನ್ ಜುಲೈನ ಎದುರುಗಾಳಿಯೇ ನಮಗೆ ಘಾಟಿ. ಕೊಲ್ಹಾರ ಸೇತುವೆ ಮೇಲೆ ಕೃಷ್ಣೆಯ ಹಿನ್ನೀರಿನಿಂದ ಅಡ್ಡ ಬೀಸುವ ಗಾಳಿಗೆ ಮೀಟರಿನ ವೇಗ ನಾಚಿಕೆ ತರಿಸುತ್ತದೆ, ಬಡಿತ ನೋಡಿದರೆ ದುಡಿಮೆ ಎಷ್ಟು ಅಂತ ತಿಳಿಯುತ್ತದೆ.

ಇನ್ನು ಆ್ಯಪ್‌ನ ಬಣ್ಣಬಣ್ಣದ ‘ಜೋನ್’ಗಳ ವಿಷಯ, ಅಂದರೆ ಬಡಿತ ಗರಿಷ್ಠಕ್ಕೆ ಎಷ್ಟು ಹತ್ತಿರ ಅಂತ ನೋಡಿ ಹಗುರ, ಜೋರು ಎಂದು ಬಣ್ಣ ಹಚ್ಚುವ ಲೆಕ್ಕ. ನಮ್ಮ ಗುಂಪಿನ ಕಾಕಾ ಸರ್ಕಾರಿ ಬಸ್ಸಿನ ನಿವೃತ್ತ ಡ್ರೈವರ್, ವಯಸ್ಸು 62. ಡಾಕ್ಟರನ್ನು ಕೇಳಿಯೇ ಸೈಕಲ್ ಹತ್ತಿದವರು. ನನ್ನದು ನೋಡಿ ತಾವೂ ಪಟ್ಟಿ ತರಿಸಿದರು. ಮೊದಲ ರವಿವಾರವೇ ಅವರ ಮೊಬೈಲ್ ಕೆಂಪಾಗಿ ಕೂಗತೊಡಗಿತು.

“ತಮ್ಮಾ, ನನ್ನ ಟೈಮ್ ಮುಗದೈತಿ ಅಂತ ಒದರಾಕ ಹತ್ತೈತಿ ನೋಡಿದು!”

ಅಷ್ಟು ಹೇಳುವಾಗ ಅವರಿಗೆ ಏದುಸಿರೂ ಇರಲಿಲ್ಲ. ಬಡಿತ 148. ಆ್ಯಪ್ 220ರಲ್ಲಿ ವಯಸ್ಸು ಕಳೆದು, ಇವರ ಗರಿಷ್ಠ ಬಡಿತ 158 ಅಂತ ತೀರ್ಮಾನಿಸಿತ್ತು. ಈ ಸೂತ್ರ 1971ರ ಒಂದು ಲೇಖನದಿಂದ ಬಂದದ್ದು. ಬೇರೆಬೇರೆ ಅಧ್ಯಯನಗಳ ಅಂಕಿಗಳನ್ನು ಒಂದೆಡೆ ಇಟ್ಟು ಅಂದಾಜಿಗೆ ಎಳೆದ ಗೆರೆ, ಅದಕ್ಕೆಂದೇ ಮಾಡಿದ ಪ್ರಯೋಗವಲ್ಲ. 2001ರಲ್ಲಿ ತನಾಕಾ ಮತ್ತು ಜೊತೆಗಾರರು 351 ಅಧ್ಯಯನಗಳ, 18,712 ಜನರ ಲೆಕ್ಕ ಕೂಡಿಸಿ ಬೇರೆ ಸೂತ್ರ ಕೊಟ್ಟರು: ವಯಸ್ಸನ್ನು 0.7ರಿಂದ ಗುಣಿಸಿ 208ರಲ್ಲಿ ಕಳೆಯಿರಿ. ನಲವತ್ತರಲ್ಲಿ ಎರಡೂ ಸೂತ್ರ 180 ಅನ್ನುತ್ತವೆ. ವಯಸ್ಸಾದಂತೆ ಹಳೆಯದು ತೀರಾ ಕಡಿಮೆ ಹೇಳುತ್ತದೆ. ಕಾಕಾಗೆ ಹೊಸ ಲೆಕ್ಕದಲ್ಲಿ ಸುಮಾರು 165. ಅದೂ ಸರಾಸರಿಯೇ. ಒಂದೇ ವಯಸ್ಸಿನ ಇಬ್ಬರಲ್ಲಿ ಹತ್ತಿಪ್ಪತ್ತು ಬಡಿತ ಆಚೀಚೆ ಇರುವುದು ಮಾಮೂಲು. ಬಿಪಿಗೆ ಬೀಟಾ ಬ್ಲಾಕರ್ ಗುಳಿಗೆ ತಗೊಳ್ಳುವವರಿಗಂತೂ ಈ ಸೂತ್ರಗಳು ನಡೆಯುವುದೇ ಇಲ್ಲ, ಆ ಗುಳಿಗೆಯ ಕೆಲಸವೇ ಬಡಿತ ಇಳಿಸುವುದು. ಆ್ಯಪ್‌ನಲ್ಲಿ ಗರಿಷ್ಠ ಬಡಿತವನ್ನು ಕೈಯಾರೆ ಬದಲಿಸುವ ಜಾಗ ಸೆಟ್ಟಿಂಗ್‌ನ ಆಳದಲ್ಲಿ ಇದೆ, ಹುಡುಕಿ.

ಕಾಕಾಗೆ ಲಂಡನ್ನಿನ ಬಸ್ ಡ್ರೈವರ್‌ಗಳ ಕಥೆ ಹೇಳಿದ್ದೆ. 1953ರಲ್ಲಿ ಜೆರ್ರಿ ಮೋರಿಸ್ ಅಂತ ಡಾಕ್ಟರ್ ಪ್ರಕಟಿಸಿದ್ದು. ದಿನವಿಡೀ ಕೂತ ಡ್ರೈವರ್‌ಗಳಿಗಿಂತ, ಡಬಲ್ ಡೆಕ್ಕರ್ ಮೆಟ್ಟಿಲು ಹತ್ತಿಳಿಯುವ ಕಂಡಕ್ಟರ್‌ಗಳಿಗೆ ಹೃದಯದ ಕಾಯಿಲೆ ಕಡಿಮೆ ಇತ್ತು. ವ್ಯಾಯಾಮದ ಸಂಶೋಧನೆಗೆ ಅಡಿಪಾಯ ಹಾಕಿದ ಕೆಲಸಗಳಲ್ಲಿ ಅದೊಂದು. “ಹಂಗಾದ್ರ ನಮ್ಮ ಕಂಡಕ್ಟರೂ ಕೆಟ್ಟನಲ್ಲೋ, ನಮ್ಮ ಬಸ್ಸಿಗೆ ಮ್ಯಾಲಿನ ಅಂತಸ್ತ ಎಲ್ಲಿತ್ತು?” ಅಂದರು.

ಹಗುರಾಗಿ ತುಳಿಯುವ ದಿನ ನಿಜವಾಗಿ ಹಗುರಾಗಿದೆಯೇ ಅಂತ ಹೇಳುವುದರಲ್ಲಿ ಪಟ್ಟಿ ಪಕ್ಕಾ. ನಾರ್ವೆಯಲ್ಲಿ ಕೆಲಸ ಮಾಡುವ ಸ್ಟೀಫನ್ ಸೈಲರ್ ಎಂಬ ಸಂಶೋಧಕರು ದೊಡ್ಡದೊಡ್ಡ ಓಟಗಾರರ, ಸ್ಕೀ ಆಟಗಾರರ, ಸೈಕ್ಲಿಸ್ಟ್‌ಗಳ ತರಬೇತಿ ನೋಡಿ ಹೇಳಿದ್ದು, ಅವರ ಅಭ್ಯಾಸದ ಸುಮಾರು ಶೇ 80 ಭಾಗ ಹಗುರವೇ ಅಂತ. ನಮ್ಮಂಥವರು ದಿನಾ ನಡುಮಧ್ಯದ ದಣಿವಿನಲ್ಲಿ ತುಳಿಯುತ್ತೇವೆ, ಹಗುರವೂ ಅಲ್ಲ, ಜೋರೂ ಅಲ್ಲ. ಗುಂಪಿನಲ್ಲಿ ಒಬ್ಬ ಮುಂದೆ ಹೋದರೆ ಕಾಲು ಕೇಳಬೇಕಲ್ಲ! ಈಗ ವಾರದ ಬಹುಪಾಲು ದಿನ 135ರ ಕೆಳಗೇ ಇರುತ್ತೇನೆ, ಒಂದು ದಿನ ಮಾತ್ರ ಜೋರು. ಕಾಕಾ ತಮ್ಮ ಪಟ್ಟಿಯನ್ನು ಮೂಲೆಗಿಟ್ಟು ಬೇರೆ ಪರೀಕ್ಷೆ ಹಿಡಿದಿದ್ದಾರೆ. ತುಳಿಯುತ್ತ ಒಂದು ವಚನ ಪೂರ್ತಿ ಹೇಳಬೇಕು. ಸಾಲಿನ ನಡುವೆ ಉಸಿರು ಕಟ್ಟಿದರೆ ಜಾಸ್ತಿಯಾಯಿತು ಅಂತ ಅರ್ಥ. ನಗಬೇಡಿ. ಅಮೆರಿಕದಲ್ಲಿ ಕಾರ್ಲ್ ಫಾಸ್ಟರ್ ಮತ್ತಿತರರು ಇಂಥದ್ದೇ ‘ಮಾತಾಡುವ ಪರೀಕ್ಷೆ’ಯನ್ನು ಲ್ಯಾಬಿನಲ್ಲಿ ಒರೆಗೆ ಹಚ್ಚಿ, ಉಪಯೋಗಕ್ಕೆ ಬರುತ್ತದೆ ಅಂದಿದ್ದಾರೆ. ಕಾಕಾನ ವಚನ ನಿಲ್ಲುವ ಕಡೆ ಅವರ ಬಡಿತ ಎಷ್ಟಿರುತ್ತದೆ ಅಂತ ಒಮ್ಮೆ ಪಟ್ಟಿ ಕಟ್ಟಿಸಿ ನೋಡಿದೆ, 152. ಆ್ಯಪ್‌ನ ಕೆಂಪು ಗೆರೆಗಿಂತ ವಚನವನ್ನೇ ನಾನು ನಂಬುತ್ತೇನೆ.

ಕ್ಯಾಲರಿ ಲೆಕ್ಕ ಒಂದೇ ಮಾತಿನಲ್ಲಿ ಮುಗಿಸಬಹುದು: ನೋಡಬೇಡಿ. 2017ರಲ್ಲೇ ಸ್ಟ್ಯಾನ್‌ಫೋರ್ಡ್‌ನವರು 60 ಜನರ ಮೇಲೆ ಕೈಗೆ ಕಟ್ಟುವ ಏಳು ಯಂತ್ರ ಪರೀಕ್ಷಿಸಿದರು. ಬಡಿತದಲ್ಲಿ ಆರು ಯಂತ್ರಗಳ ತಪ್ಪು ಶೇ 5ರೊಳಗೆ. ಕ್ಯಾಲರಿಯಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದೇ ಸರಾಸರಿ ಶೇ 27 ತಪ್ಪು, ಕೆಟ್ಟದ್ದು ಶೇ 93. ಎದೆಪಟ್ಟಿಯ ಆ್ಯಪ್ ಕೂಡ ಬಡಿತ, ತೂಕ, ವಯಸ್ಸು ಇಟ್ಟುಕೊಂಡೇ ಗುಣಿಸುವುದು. ಬಿಸಿಲಿಗೆ ಬಡಿತ ಏರಿದರೆ ಅದನ್ನೂ ದುಡಿಮೆ ಅಂತ ಬರೆದುಕೊಳ್ಳುತ್ತದೆ. ಆ ನಂಬರ್ ನಂಬಿ ಇನ್ನೊಂದು ಶೇಂಗಾ ಹೋಳಿಗೆ ಹಾಕಿಸಿಕೊಂಡರೆ ತೂಕ ಇಳಿಯುವುದಿಲ್ಲ.

ಬರೇ ವಾಕಿಂಗ್ ಮಾಡುವವರಿಗೆ ಇದು ಬೇಡ, ಆ ದುಡ್ಡಲ್ಲಿ ಒಳ್ಳೆ ಬೂಟು ಬರುತ್ತದೆ. ಎದೆ ನೋವು, ತಲೆಸುತ್ತು ಇರುವವರು ಪಟ್ಟಿ ಕಟ್ಟಿ ಪರೀಕ್ಷೆ ಮಾಡಿಕೊಳ್ಳದೆ ಆಸ್ಪತ್ರೆಗೆ ಹೋಗಿ. ವಾಚು ಇದ್ದು, ವಾರಕ್ಕೆ ಮೂರ್ನಾಲ್ಕು ದಿನ ಬೆವರು ಹರಿಸುವವರು ತಗೊಳ್ಳಿ. ತಗೊಳ್ಳುವಾಗಲೇ ಹೆಚ್ಚುವರಿ ಬೆಲ್ಟು ಸೇರಿಸಿ ಬೆಲೆ ಕೇಳಿ. ಸೆಲ್ ಬದಲಿಸಲು ಡಬ್ಬಿ ಬೆನ್ನಿನ ಮುಚ್ಚಳವನ್ನು ಒಂದು ರೂಪಾಯಿ ನಾಣ್ಯದಲ್ಲಿ ತಿರುಗಿಸಿದರೆ ಸಾಕು. ಒಳಗಿನ ತೆಳ್ಳನೆ ರಬ್ಬರ್ ರಿಂಗ್ ಜಾರಿ ಬೀಳದಂತೆ ನೋಡಿಕೊಳ್ಳಿ, ಅದು ಹೋದರೆ ಬೆವರು ಒಳಗೆ ಇಳಿಯುತ್ತದೆ.