ಮಕ್ಕಳ ನಾಟಕಕ್ಕೆ ಯಾವುದು: ಟ್ರೆಂಟನ್ನೋ, ವ್ಯಾಲಿ ಫೋರ್ಜೋ?

ಪುಣೆಯ ಕೋಥ್ರೂಡ್‌ನ ನಮ್ಮ ಕನ್ನಡ ಬಳಗದ ಮಕ್ಕಳಿಗೆ ಹತ್ತು ನಿಮಿಷದ ನಾಟಕ ಬೇಕು. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ, ಚಳಿಯಲ್ಲಿ ಸೋತು ಸುಣ್ಣವಾದ ಸೈನಿಕರನ್ನು ಸೇನಾಪತಿ ಜಾರ್ಜ್ ವಾಷಿಂಗ್ಟನ್ ಹೇಗೆ ಉಳಿಸಿಕೊಂಡರು ಅನ್ನೋದು ಕಥೆ. ಪ್ರಸಂಗಗಳು ಎರಡಿವೆ.

ಮೊದಲನೆಯದು ಟ್ರೆಂಟನ್ ಪಟ್ಟಣದ್ದು, 1776ರ ಡಿಸೆಂಬರ್ ಕೊನೆ. ಸೈನಿಕರ ಕರಾರು ಮುಗಿಯುತ್ತಿತ್ತು. ಇನ್ನು ಆರು ವಾರ ಇದ್ದರೆ 10 ಡಾಲರ್ ಕೊಡ್ತೀವಿ ಎಂದರು ವಾಷಿಂಗ್ಟನ್. ಒಪ್ಪಿದವರು ಮುಂದೆ ಬರಲಿ ಎಂದು ನಗಾರಿ ಬಾರಿಸಿದರು, ಒಬ್ಬರೂ ಕದಲಲಿಲ್ಲ. ವಾಷಿಂಗ್ಟನ್ ಕುದುರೆ ತಿರುಗಿಸಿ ಮತ್ತೆ ಅವರೆದುರು ಬಂದರು. ನಾನು ಕೇಳಿದ್ದಕ್ಕಿಂತ ಜಾಸ್ತಿನೇ ಮಾಡಿದ್ದೀರಿ, ಆದರೂ ದೇಶಕ್ಕೆ ನೀವು ಬೇಕು ಎಂದು ಮತ್ತೆ ಬೇಡಿಕೊಂಡರು. ಆಗ ಒಬ್ಬೊಬ್ಬರೇ ಮುಂದೆ ಬಂದರು. ವೇದಿಕೆಗೆ ಇದಕ್ಕಿಂತ ಇನ್ನೇನು ಬೇಕು, ಅಲ್ವಾ?

ಎರಡನೆಯದು ವ್ಯಾಲಿ ಫೋರ್ಜ್ ಎಂಬಲ್ಲಿ ಅದೇ ಸೇನೆ ಬಿಡಾರ ಹೂಡಿದ್ದು, 1777ರ ಡಿಸೆಂಬರ್‌ನಿಂದ ಆರು ತಿಂಗಳ ಕಥೆ. ಅಲ್ಲಿ ಸುಮಾರು 12,000 ಜನ. ಹಿಟ್ಟು ನೀರು ಕಲಸಿ ಸುಟ್ಟ ರೊಟ್ಟಿಯೇ ಊಟ. ಸುಮಾರು 2,000 ಮಂದಿ ಕಾಯಿಲೆಗೆ ಬಲಿಯಾದರು. ಇಲ್ಲಿ ಹುರುಪು ತುಂಬಿದ್ದು ಭಾಷಣವಲ್ಲ. ಹನ್ನೆರಡು ಜನಕ್ಕೊಂದು ಮರದ ಗುಡಿಸಲು, ಪ್ರಷ್ಯದಿಂದ ಬಂದ ಸೇನಾಧಿಕಾರಿ ಸ್ಟೂಬನ್ ಕಲಿಸಿದ ಕವಾಯತು, ವಾಷಿಂಗ್ಟನ್‌ರ ಸೇನಾನಿ ಗ್ರೀನ್ ಸರಿಪಡಿಸಿದ ಸರಬರಾಜು.

ನನಗೆ ಹೆಚ್ಚು ಇಷ್ಟವಾಗೋದು ಎರಡನೆಯದೇ. ಆದರೆ ಚಿಕ್ಕ ಮಕ್ಕಳಿಗೆ ಟ್ರೆಂಟನ್ ಕೊಡಿ. ಹೈಸ್ಕೂಲಿನವರಿದ್ದರೆ ಧೈರ್ಯವಾಗಿ ವ್ಯಾಲಿ ಫೋರ್ಜ್ ಆರಿಸಿ, ಕವಾಯತನ್ನೇ ನಾಟಕದ ನಡುವೆ ಇಡಿ.