ನವನಗರದ ಕೌಶಲ್ಯ ತರಬೇತಿ ಕೇಂದ್ರ: ಹೊಲಿಗೆ ಕಲಿಸಿದ್ದು ನಿಜ, ನೌಕರಿ ಕೊಡಿಸಿದ್ದು ಕಾಗದದ ಮೇಲೆ

ಬಾಗಲಕೋಟೆಯ ನವನಗರದಲ್ಲಿ ಸರ್ಕಾರದ ಅನುದಾನ ಪಡೆದು ಖಾಸಗಿ ಸಂಸ್ಥೆಯೊಂದು ನಡೆಸುತ್ತಿರುವ ವಸತಿಸಹಿತ ಕೌಶಲ್ಯ ತರಬೇತಿ ಕೇಂದ್ರವನ್ನು ಕುರಿತು ಬರೆಯುತ್ತಿದ್ದೇನೆ. ಸಂಸ್ಥೆಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನಾವು ಕೊಟ್ಟಿರುವ ದೂರಿನ ವಿಚಾರಣೆ ಮುಗಿದಿಲ್ಲವಾದ್ದರಿಂದ ಇಲ್ಲಿ ಹೇಳುವುದು ಆರೋಪವೇ ಹೊರತು ತೀರ್ಪಲ್ಲ. ನನ್ನ ತಂಗಿಯ ಮಗಳು ಅಲ್ಲಿ ಸೀವಿಂಗ್ ಮಷೀನ್ ಆಪರೇಟರ್ ತರಬೇತಿ ಪಡೆದು ಪ್ರಮಾಣಪತ್ರದೊಂದಿಗೆ ಹೊರಬಂದಿದ್ದಾಳೆ.

ಕಲಿಕೆಯ ಮಟ್ಟಿಗೆ ನಾನು ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಆರಂಭದಲ್ಲಿ ಸೂಜಿಗೆ ದಾರವನ್ನೇ ಪೋಣಿಸುವುದಿಲ್ಲ. ನೇರ ಗೆರೆ, ಮೂಲೆ, ಸುರುಳಿಗಳನ್ನು ಬರೆದ ಹಾಳೆಯನ್ನು ಸೂಜಿಯ ಕೆಳಗಿಟ್ಟು, ಗೆರೆಯ ಮೇಲೆಯೇ ತೂತು ಬೀಳುವವರೆಗೆ ಮಷೀನು ಓಡಿಸುವಂತೆ ಮಾಡುತ್ತಾರೆ. ಮನೆಯಲ್ಲಿ ಕಾಲಿನಿಂದ ತುಳಿಯುವ ಮಷೀನಿನಲ್ಲಿ ಗುಳೇದಗುಡ್ಡದ ಖಣದ ಕುಪ್ಪಸ ಹೊಲಿದು ರೂಢಿಯಿರುವ ಹುಡುಗಿಯರಿಗೆ ಕಾರ್ಖಾನೆಯ ಮೋಟಾರು ಮಷೀನು ಹಿಡಿತಕ್ಕೆ ಸಿಗುವುದು ಹೀಗೆಯೇ. ಕಲಿಸುವ ಮೇಡಂ ಬೆಂಗಳೂರಿನ ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಆಗಿದ್ದವರು. ಕಾಲರ್ ಕೂರಿಸುವಲ್ಲಿ ಅರ್ಧ ಸೆಂಟಿಮೀಟರ್ ಹೆಚ್ಚುಕಡಿಮೆಯಾದರೂ ಬಿಚ್ಚಿಸಿ ಮತ್ತೆ ಹೊಲಿಸುತ್ತಿದ್ದರಂತೆ. ಹಾಸ್ಟೆಲ್ ಸ್ವಚ್ಛವಾಗಿದೆ, ಊಟ ನಡೆಯುತ್ತದೆ, ಇಂಗ್ಲಿಷ್ ಮತ್ತು ಕಂಪ್ಯೂಟರ್ ತರಗತಿಗಳು ಹೆಸರಿಗಷ್ಟೇ.

ಆದರೆ ಇದು ಹೊಲಿಗೆ ಶಾಲೆಯಲ್ಲ. 2014ರಲ್ಲಿ ಆರಂಭವಾದ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆಯಂಥ ಯೋಜನೆಗಳಲ್ಲಿ ಸರ್ಕಾರವು ಖಾಸಗಿ ಸಂಸ್ಥೆಗೆ ಹಣ ಕೊಡುವುದು ಗ್ರಾಮೀಣ ಬಡ ಕುಟುಂಬದ ಯುವಜನರನ್ನು ಉದ್ಯೋಗಕ್ಕೆ ಹಚ್ಚಲಿ ಎಂದು. ಹಣ ಕಂತುಗಳಲ್ಲಿ ಬಿಡುಗಡೆಯಾಗುತ್ತದೆ. ತರಬೇತಿ ಮುಗಿಸಿದವರಲ್ಲಿ ಶೇ. 70ರಷ್ಟು ಮಂದಿಗಾದರೂ ನೌಕರಿ ಕೊಡಿಸಬೇಕೆಂಬುದು ಆ ಯೋಜನೆಯ ನಿಯಮ, ಮತ್ತು ನೌಕರಿ ಸಿಕ್ಕಿದೆ ಎನ್ನಲು ಮೂರು ತಿಂಗಳ ಸಂಬಳದ ದಾಖಲೆ ಬೇಕು. ಆದ್ದರಿಂದ ಇಂಥ ಕೇಂದ್ರವನ್ನು ಅಳೆಯಬೇಕಾದದ್ದು ಸಂಬಳದ ಚೀಟಿಯಿಂದ. ಅಲ್ಲಿ ನನ್ನ ಅಂಕ ಒಂದಕ್ಕೆ ಇಳಿಯುತ್ತದೆ.

ನಮ್ಮ ಹುಡುಗಿಗೆ ತೋರಿಸಿದ ನೌಕರಿ ತಮಿಳುನಾಡಿನ ತಿರುಪ್ಪೂರಿನದು. ಮನೆಯಲ್ಲಿ ಒಪ್ಪಲಿಲ್ಲ, ಅವಳಿಗೂ ಅಷ್ಟು ದೂರ ಹೋಗುವ ಮನಸ್ಸಿರಲಿಲ್ಲ. ಹೋಗುವುದಿಲ್ಲ ಎಂದು ಕೇಂದ್ರದಲ್ಲಿ ತಿಳಿಸಿದ್ದಾಯಿತು. ಪ್ರಮಾಣಪತ್ರ ತರಲು ಹೋದಾಗ ಆಫರ್ ಲೆಟರ್‌ನ ಪ್ರತಿಗೆ ಮತ್ತು ದಿನಾಂಕವಿಲ್ಲದ ಒಂದು ಜಾಯಿನಿಂಗ್ ಫಾರ್ಮಿಗೆ ಅವಳ ಸಹಿ ತೆಗೆದುಕೊಂಡರು. ಬ್ಯಾಚಿನ ಉಸ್ತುವಾರಿ ನೋಡುವವರು, «ಫೋನ್ ಬಂದ್ರ ಹೌದ್ರಿ, ಕೆಲಸಕ್ಕ ಸೇರೇನ್ರಿ ಅಂತ ಹೇಳವಾ, ಇಲ್ಲಂದ್ರ ನಮಗ ತ್ರಾಸ ಆಕ್ಕೈತಿ» ಎಂದು ಸಮಾಧಾನದಿಂದಲೇ ಹೇಳಿದರಂತೆ. ಕೆಲವು ತಿಂಗಳ ನಂತರ ಅವಳ ಗೆಳತಿ ಅಲ್ಲಿಂದ ಒಂದು ಫೋಟೊ ಕಳಿಸಿದಳು: ಕೇಂದ್ರದ ಬಾಗಿಲಿಗೆ ಕಟ್ಟಿದ ಫ್ಲೆಕ್ಸ್‌ನಲ್ಲಿ, ಉದ್ಯೋಗ ಪಡೆದವರ ಸಾಲಿನಲ್ಲಿ, ನಮ್ಮ ಹುಡುಗಿಯ ಮುಖ, ಕೆಳಗೆ ತಿರುಪ್ಪೂರಿನ ಕಂಪನಿಯ ಹೆಸರು. ಆ ಹೊತ್ತಿಗೆ ಅವಳು ಇಳಕಲ್ಲಿನಲ್ಲಿ ನಮ್ಮ ಬೀಗರೊಬ್ಬರ ಅಂಗಡಿಯಲ್ಲಿ ಸೀರೆಗೆ ಕುಚ್ಚು ಕಟ್ಟುತ್ತಿದ್ದಳು.

ಅದೇ ಸಾಲಿನಲ್ಲಿದ್ದ ಕೆಲವರು ನಿಜವಾಗಿಯೂ ನೌಕರಿಗೆ ಹೋಗಿದ್ದಾರೆ, ಅದನ್ನು ಮರೆಮಾಚುವುದು ಸರಿಯಲ್ಲ. ಹೋದವರಲ್ಲಿ ಕೆಲವರು ಹಾಸ್ಟೆಲ್ ಖರ್ಚು ಕಡಿತವಾಗಿ ಕೈಗೆ ಬರುವ ಸಂಬಳ ಸಾಲದೆ ಮರಳಿದ್ದಾರೆ. ಹೊರ ರಾಜ್ಯದಲ್ಲಿ ಕೆಲಸಕ್ಕೆ ಸೇರಿದವರಿಗೆ ಆರು ತಿಂಗಳು, ತಿಂಗಳಿಗೆ 1,000 ರೂಪಾಯಿ ನೆರವು ಕೊಡಬೇಕೆಂದು ಅದೇ ಯೋಜನೆಯಲ್ಲಿ ಇದೆ. ಹಾಗೊಂದು ನೆರವು ಇದೆಯೆಂಬುದನ್ನೇ ನಾನು ಮಾತನಾಡಿಸಿದ ಹುಡುಗಿಯರಾರೂ ಕೇಳಿರಲಿಲ್ಲ.

ಈ ಜಾಣತನ ನಮ್ಮ ಊರಿನಲ್ಲಿ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ನಿರುದ್ಯೋಗಿಗಳನ್ನು ಕೆಲಸಕ್ಕೆ ಹಚ್ಚುವ ಗುತ್ತಿಗೆ ಪಡೆದಿದ್ದ ಎ4ಇ ಎಂಬ ಶೆಫೀಲ್ಡ್ ಮೂಲದ ಕಂಪನಿಯ ನೌಕರರು, ಒಂಟಿ ಪೋಷಕರಿಗೆಂದು ಇದ್ದ ಕಾರ್ಯಕ್ರಮದಲ್ಲಿ, ಕೆಲಸ ಸಿಗದವರಿಗೂ ಸಿಕ್ಕಿದೆಯೆಂದು ಸುಳ್ಳು ಕಾಗದ ಮತ್ತು ಸುಳ್ಳು ಸಹಿ ಸೃಷ್ಟಿಸಿ ಸರ್ಕಾರದಿಂದ ಹಣ ಪಡೆದಿದ್ದರು. 2015ರಲ್ಲಿ ಅವರಲ್ಲಿ ಆರು ಮಂದಿಗೆ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು. ಕಂಪನಿಯ ಸಂಸ್ಥಾಪಕಿ ಎಮ್ಮಾ ಹ್ಯಾರಿಸನ್ 2011ರಲ್ಲಿ 86 ಲಕ್ಷ ಪೌಂಡ್ ಲಾಭಾಂಶ ಪಡೆದಿದ್ದರು ಮತ್ತು ಟೀಕೆ ಹೆಚ್ಚಿದಾಗ, 2012ರ ಫೆಬ್ರುವರಿಯಲ್ಲಿ, ಅಧ್ಯಕ್ಷ ಸ್ಥಾನದಿಂದ ಕೆಳಗಿಳಿದರು. ಆ ಮೊಕದ್ದಮೆಯಲ್ಲಿ ಅವರು ಆರೋಪಿಯಾಗಿರಲಿಲ್ಲ. ಜೈಲಿಗೆ ಹೋದವರು ಗುರಿ ಮುಟ್ಟಿಸಬೇಕಾದ ಕೆಳಹಂತದವರು. ನವನಗರದ ಕೇಂದ್ರದ ಬಗ್ಗೆ ನನಗಿರುವ ಆತಂಕವೂ ಇದೇ ಬಗೆಯದು: ನಾಳೆ ತಪ್ಪು ಸಾಬೀತಾದರೆ ಸಹಿ ಹಾಕಿಸಿಕೊಂಡ ಆ ಉಸ್ತುವಾರಿಯ ನೌಕರಿ ಹೋದೀತು, ಗುರಿ ನಿಗದಿ ಮಾಡಿದ ಪ್ರಧಾನ ಕಚೇರಿಗೆ ಬಿಸಿ ತಟ್ಟುವುದೇ?

ಮೇಲಿನಿಂದ ತಪಾಸಣೆ ಆಗುವುದೇ ಇಲ್ಲವೆಂದಲ್ಲ, ತಡವಾಗಿ ಆಗುತ್ತದೆ. ಕೇಂದ್ರ ಸರ್ಕಾರದ ಇನ್ನೊಂದು ಕೌಶಲ್ಯ ಯೋಜನೆಯಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ 2015ರಿಂದ 2022ರವರೆಗಿನ ಅವಧಿಯನ್ನು ಪರಿಶೀಲಿಸಿದ ಸಿಎಜಿ (ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಮಹಾಲೇಖಪಾಲರು) ವರದಿ ಸಂಸತ್ತಿನ ಮುಂದೆ ಬಂದದ್ದು 2025ರ ಡಿಸೆಂಬರಿನಲ್ಲಿ. ಅದರ ಪ್ರಕಾರ ಯೋಜನೆಯ ದಾಖಲೆಯಲ್ಲಿ ಶೇ. 94ಕ್ಕೂ ಹೆಚ್ಚು ಅಭ್ಯರ್ಥಿಗಳ ಬ್ಯಾಂಕ್ ಖಾತೆಯ ಅಂಕಣದಲ್ಲಿ ಸೊನ್ನೆ ಇತ್ತು ಅಥವಾ ಅದು ಖಾಲಿ ಇತ್ತು. ಖಾತೆ ಸಂಖ್ಯೆ ಸರಿಯಿದೆಯೇ ಎಂದು ನೋಡಲು ಲೆಕ್ಕಪರಿಶೋಧಕರು ದೆಹಲಿಯಿಂದ ಬರಬೇಕೇ? ನಮ್ಮ ಹಳ್ಳಿಯ ಸ್ವಸಹಾಯ ಸಂಘದ ಪುಸ್ತಕ ಬರೆಯುವ ಹೆಣ್ಣುಮಗಳು ಇದಕ್ಕಿಂತ ಕಟ್ಟುನಿಟ್ಟಾಗಿ ಬರೆಯುತ್ತಾಳೆ.

ಈ ಕೇಂದ್ರಕ್ಕೆ ಮಕ್ಕಳನ್ನು ಸೇರಿಸುವವರು ಸೇರಿಸಿ. ಆ ಮೇಡಂ ಇರುವವರೆಗೆ ಹೊಲಿಗೆಯ ಬ್ಯಾಚ್ ವ್ಯರ್ಥವಾಗುವುದಿಲ್ಲ. ಆದರೆ ಸೇರುವ ಮೊದಲು ಹಿಂದಿನ ಬ್ಯಾಚಿನ ಹುಡುಗಿಯರ ಮನೆಗೆ ಹೋಗಿ, ಪಿಎಫ್ ಪಾಸ್‌ಬುಕ್ಕಿನಲ್ಲಿ ಎಷ್ಟು ತಿಂಗಳ ವಂತಿಗೆ ಜಮಾ ಆಗಿದೆ ಎಂದು ಮೊಬೈಲಿನಲ್ಲಿಯೇ ತೋರಿಸುವಂತೆ ಕೇಳಿ. ಫ್ಲೆಕ್ಸ್ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಪಿಎಫ್ ಜಮಾ ಮಾಡಲು ಹಣ ಕಟ್ಟಬೇಕಾಗುತ್ತದೆ. ದಿನಾಂಕವಿಲ್ಲದ ಯಾವ ಕಾಗದಕ್ಕೂ ಸಹಿ ಬೇಡ, ಸಹಿ ಹಾಕಿದ್ದರ ಫೋಟೊ ತೆಗೆದುಕೊಳ್ಳದೆ ಹೊರಬರುವುದೂ ಬೇಡ. ಊರಲ್ಲೇ ಇದ್ದು ಸ್ವಂತ ಮಷೀನು ಹಾಕಿಕೊಳ್ಳುವ ಇರಾದೆ ಇದ್ದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಲ್ಲಿ ವಿಚಾರಿಸುವುದು ಮೇಲು. ಅಲ್ಲಿ ನೌಕರಿಯ ಆಸೆ ತೋರಿಸುವುದಿಲ್ಲ, ಸಾಲಕ್ಕೆ ಅರ್ಜಿ ಹಾಕುವುದನ್ನು ಕಲಿಸುತ್ತಾರೆ.

ನಮ್ಮ ದೂರನ್ನು ಜಿಲ್ಲಾ ಕೌಶಲ್ಯಾಭಿವೃದ್ಧಿ ಕಚೇರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಹುಡುಗಿಯ ಹೇಳಿಕೆಯ ಜೊತೆಗೆ ಅವಳ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಲಗತ್ತಿಸಿದ್ದೇವೆ. ಕೇಂದ್ರದವರು ಈವರೆಗೆ ಮಾಡಿರುವುದು ಫ್ಲೆಕ್ಸ್ ಬದಲಾಯಿಸಿದ್ದು ಮಾತ್ರ. ನಾವು ಕೇಳಿದ್ದು ಆನ್‌ಲೈನ್ ದಾಖಲೆಯಲ್ಲಿ ಅವಳ ಹೆಸರಿನ ಮುಂದಿರುವ ನಮೂದನ್ನು ತಿದ್ದಿ, ಆ ನಮೂದಿನ ಮೇಲೆ ಹಣ ಪಡೆದಿದ್ದರೆ ಮರಳಿಸಬೇಕೆಂದು. ಅದಕ್ಕೆ ಉತ್ತರ ಬಂದ ಮೇಲೆ ಈ ಅಂಕಗಳನ್ನು ಬದಲಿಸುವುದೋ ಬೇಡವೋ ನೋಡೋಣ.